ಗಾಜಿನ ಬಾಟಲಿ, ಮುಚ್ಚಳದೊಳಗಿನ ಉಂಗುರ

ಬೆಂಗಳೂರಿನ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ನನ್ನ ಕೆಲಸ. ಆಹಾರ ತುಂಬುವ ಡಬ್ಬ, ಕವರ್, ಬಾಟಲಿಗಳ ಪರೀಕ್ಷೆ ನನ್ನ ಪಾಲಿಗೆ ಬರುತ್ತದೆ. ಉಪ್ಪಿನಕಾಯಿ, ತುಪ್ಪ, ಚಟ್ನಿಪುಡಿ ಮಾಡುವ ಸಣ್ಣ ಘಟಕದವರು ಖಾಲಿ ಡಬ್ಬ ತಂದು ಮೇಜಿನ ಮೇಲಿಟ್ಟು, "ಇದು ಫುಡ್ ಗ್ರೇಡ್ ತಾನೇ ಸಾರ್? ಒಂದು ರಿಪೋರ್ಟ್ ಕೊಡಿ" ಅನ್ನುತ್ತಾರೆ. ಡಬ್ಬ ಮುಟ್ಟುವ ಮೊದಲು ನಾನು ಕೇಳುವುದು ಇಷ್ಟು: ಒಳಗೆ ಏನು ತುಂಬುತ್ತೀರಿ? ಬಿಸಿಯಾಗಿ ತುಂಬುತ್ತೀರಾ? ಎಷ್ಟು ತಿಂಗಳು ಇಡುತ್ತೀರಿ? ಇದು ಗೊತ್ತಿಲ್ಲದೆ ಟೆಸ್ಟ್ ಮಾಡಿದರೆ ಆ ರಿಪೋರ್ಟು ಸುಮ್ನೆ ಒಂದು ಹಾಳೆ.

ಯಾಕೆಂದರೆ ಪ್ಲಾಸ್ಟಿಕ್ ಡಬ್ಬ ಸಾಮಾನ್ಯವಾಗಿ ಬರೀ ಪಾಲಿಮರ್‌ನಿಂದ, ಅಂದರೆ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಯಂಥ ಅಣುಗಳಿಂದಷ್ಟೇ, ಆಗುವುದಿಲ್ಲ. ಬಿಸಿಗೆ, ಗಾಳಿಗೆ ಹಾಳಾಗದಿರಲಿ ಅಂತ ಆ್ಯಂಟಿಆಕ್ಸಿಡೆಂಟ್ ಹಾಕುತ್ತಾರೆ. ಕವರುಗಳು ಒಂದಕ್ಕೊಂದು ಅಂಟದಿರಲಿ ಅಂತ ಎರುಕಮೈಡ್‌ನಂಥ ಜಾರುವ ಪದಾರ್ಥ, ಪಿವಿಸಿ ಮೆತ್ತಗಾಗಲಿ ಅಂತ ಪ್ಲಾಸ್ಟಿಸೈಜರ್. ಇವು ಪಾಲಿಮರ್ ಸರಪಳಿಗೆ ಕಟ್ಟಿಕೊಂಡಿರುವುದಿಲ್ಲ, ನಡುವೆ ಸುಮ್ಮನೆ ಕೂತಿರುತ್ತವೆ. ಬಹುಪಾಲು ಎಣ್ಣೆ ಕಂಡರೆ ಹೊರಡುವ ಜಾತಿ. ಬಿಸಿ ಇದ್ದರೆ ಇನ್ನೂ ಬೇಗ.

ಹೀಗೆ ಡಬ್ಬದಿಂದ ಆಹಾರಕ್ಕೆ ಒಟ್ಟು ಎಷ್ಟು ಇಳಿಯುತ್ತದೆ ಅಂತ ಅಳೆಯಲು ನಾವು ಮಾಡುವ ವಿಧಾನ ಐಎಸ್ 9845 ಅನ್ನುವ ಭಾರತೀಯ ಮಾನಕ. ಆಹಾರದ ಬದಲು ಅದರ ಗುಣವಿರುವ ದ್ರವ ಬಳಸುತ್ತೇವೆ. ನೀರಿನಂಶದ್ದಕ್ಕೆ ಡಿಸ್ಟಿಲ್ಡ್ ವಾಟರ್, ಹುಳಿಗೆ 3% ಅಸಿಟಿಕ್ ಆಸಿಡ್, ಎಣ್ಣೆಗೆ ಹೆಪ್ಟೇನ್ ಅನ್ನುವ, ಜಿಡ್ಡು ಕರಗಿಸುವ ದ್ರವ. ಮಾಮೂಲಿ ಶೆಲ್ಫಿನಲ್ಲಿಡುವ ಪದಾರ್ಥವಾದರೆ ನೀರು, ಆಸಿಡ್‌ಗಳನ್ನು 40 ಡಿಗ್ರಿಯಲ್ಲಿ 10 ದಿನ ಇಡಬೇಕು. ಬಿಸಿಯಾಗಿ ತುಂಬುವುದಾದರೆ 70 ಡಿಗ್ರಿ, 2 ಗಂಟೆ. ಹೆಪ್ಟೇನ್‌ಗೆ 38 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು, ಅದು ಅಷ್ಟು ಜೋರು. ಅದಕ್ಕೇ ಬಂದ ಲೆಕ್ಕವನ್ನು 5ರಿಂದ ಭಾಗಿಸುತ್ತೇವೆ. ಡಬ್ಬದ ಒಂದು ಚದರ ಡೆಸಿಮೀಟರಿಗೆ (10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಜಾಗ) 30 ಮಿಲಿಗ್ರಾಂ ಬಂತು ಅನ್ನಿ, ರಿಪೋರ್ಟಿನಲ್ಲಿ 6 ಆಗುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಮಿತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ, ಅಥವಾ ಕಿಲೋ ಆಹಾರಕ್ಕೆ 60. ಡಬ್ಬದ ಬಣ್ಣ ಕಣ್ಣಿಗೆ ಕಾಣುವಂತೆ ಬಿಡಲೂಬಾರದು.

ಆಮೇಲೆ ದ್ರವವನ್ನು ಕಾಯಿಸಿ ಇಂಗಿಸಿ, ಮೊದಲೇ ತೂಗಿಟ್ಟ ಸ್ಟೀಲ್ ಬಟ್ಟಲಿಗೆ ಸುರಿದು, ಓವನ್‌ನಲ್ಲಿ ಒಣಗಿಸಿ, ತೇವ ತಗುಲದಂತೆ ಮುಚ್ಚಿಡುವ ಡೆಸಿಕೇಟರ್‌ನಲ್ಲಿ ಆರಿಸಿ ಮತ್ತೆ ತೂಗುತ್ತೇವೆ. 0.1 ಮಿಲಿಗ್ರಾಂವರೆಗೂ ನೋಡಬೇಕು. ಬೆರಳಿನ ಗುರುತು ಬಿದ್ದರೂ ತೂಕ ಏರುತ್ತದೆ, ಹಾಗಾಗಿ ಬಟ್ಟಲು ಹಿಡಿಯುವುದು ಇಕ್ಕಳದಲ್ಲೇ. ಜಾರುವ ಪದಾರ್ಥ ಜಾಸ್ತಿ ಇರುವ ಕವರ್ ಆದರೆ ತಳದಲ್ಲಿ ಮಾಸಲು ಬಿಳಿಯ ಪೊರೆ ಕಾಣುತ್ತದೆ, ಆರಿದ ದೋಸೆ ಹೆಂಚಿನ ಮೇಲಿನ ಜಿಡ್ಡಿನ ಹಾಗೆ.

ಈ ತೂಕ ಎಷ್ಟು ಬಂತು ಅಂತ ಹೇಳುತ್ತದೆ, ಏನು ಬಂತು ಅಂತ ಹೇಳುವುದಿಲ್ಲ. ನನಗೆ ಇದರ ಬಗ್ಗೆ ಯಾವಾಗಲೂ ತಕರಾರು. 6 ಮಿಲಿಗ್ರಾಂ ಎರುಕಮೈಡ್ ಬೇರೆ, 6 ಮಿಲಿಗ್ರಾಂ ಥಾಲೇಟ್ (ಪ್ಲಾಸ್ಟಿಸೈಜರ್‌ಗಳ ಒಂದು ಗುಂಪು) ಬೇರೆ ಅಲ್ವಾ? ಡಿಇಎಚ್‌ಪಿ ಅನ್ನುವ ಥಾಲೇಟ್‌ಗೆ ಕಿಲೋಗೆ 1.5 ಮಿಲಿಗ್ರಾಂ ಅಂತ ಪ್ರತ್ಯೇಕ ಮಿತಿಯೇ ಇದೆ. ಅನುಮಾನ ಬಂದರೆ ಜಿಸಿ-ಎಂಎಸ್‌ಗೆ, ಅಂದರೆ ಪದಾರ್ಥಗಳನ್ನು ಬೇರ್ಪಡಿಸಿ, ಅಣು ಒಡೆದ ಚೂರುಗಳ ತೂಕದಿಂದ ಗುರುತಿಸುವ ಯಂತ್ರಕ್ಕೆ, ಹಾಕಿ 149 ತೂಕದ ಚೂರು (ಅಯಾನು) ಹುಡುಕುತ್ತೇನೆ. ಹೆಚ್ಚಿನ ಥಾಲೇಟ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ ಗ್ಲೌಸು, ರಬ್ಬರ್ ಟ್ಯೂಬು, ಸಾಲ್ವೆಂಟ್ ಬಾಟಲಿಯ ಮುಚ್ಚಳ, ಎಲ್ಲದರಿಂದಲೂ ಥಾಲೇಟ್ ಬರಬಹುದು. ಡಬ್ಬ ಮುಟ್ಟದ ಬರೀ ಸಾಲ್ವೆಂಟನ್ನು (ಕರಗಿಸುವ ದ್ರವ) ಮೊದಲು ಯಂತ್ರದಲ್ಲಿ ಓಡಿಸಿ ನೋಡದೆ ಈ ಟೆಸ್ಟಿಗೆ ಕೈ ಹಾಕಬಾರದು.

ಶಿರಸಿ ಕಡೆಯಿಂದ ಒಬ್ಬರು ಬಂದಿದ್ದರು. ಅಪ್ಪೆಮಿಡಿ ಉಪ್ಪಿನಕಾಯಿ ಜೊತೆಗೆ ಎಣ್ಣೆ ಹಾಕಿದ ಮಾವಿನಕಾಯಿಯದ್ದೂ ಮಾಡುತ್ತಾರೆ. "ಪ್ಲಾಸ್ಟಿಕ್ ಸಹವಾಸವೇ ಬೇಡ ಅಂತ ಗಾಜಿಗೆ ಬಂದಿದ್ದೇನೆ" ಅಂದರು. ನಾನು ತಗಡಿನ ಮುಚ್ಚಳ ತಿರುಗಿಸಿ, ಒಳಗಿನ ಮೆತ್ತನೆಯ ಉಂಗುರಕ್ಕೆ ಉಗುರು ಒತ್ತಿ ತೋರಿಸಿದೆ. ಅದು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಇಂಥ ಮುಚ್ಚಳಗಳಲ್ಲಿ ಸಾಮಾನ್ಯವಾಗಿ ಇಎಸ್‌ಬಿಒ, ಅಂದರೆ ಎಪಾಕ್ಸಿ ಮಾಡಿದ ಸೋಯಾ ಎಣ್ಣೆ, ಬಳಸುತ್ತಾರೆ. ಇದಕ್ಕೆ ಇನ್ನೊಂದು ಕೆಲಸವೂ ಇದೆ: ಪಿವಿಸಿ ಕಾದಾಗ ಬಿಡುವ ಹೈಡ್ರೋಕ್ಲೋರಿಕ್ ಆಸಿಡ್ ಅನ್ನು ಹೀರಿಕೊಂಡು ಉಂಗುರ ಹಾಳಾಗದಂತೆ ನೋಡಿಕೊಳ್ಳುವುದು. ಆದರೆ ಎಣ್ಣೆ ತಗುಲಿದರೆ ಅದರೊಳಗೆ ಇಳಿಯುತ್ತದೆ. ಯುರೋಪಿನಲ್ಲಿ ಇದಕ್ಕೆ ಕಿಲೋಗೆ 60 ಮಿಲಿಗ್ರಾಂ ಮಿತಿ, ಶಿಶು ಆಹಾರಕ್ಕೆ 30.

ಎಣ್ಣೆ ಹಾಕದ ಅಪ್ಪೆಮಿಡಿಗೆ ನಾನು ಹುಳಿಯ ದ್ರವ ಬಳಸಿದೆ, ಏನೂ ತೊಂದರೆ ಕಾಣಲಿಲ್ಲ. ಎಣ್ಣೆಯದ್ದಕ್ಕೆ ಮುಚ್ಚಳ ಹಾಕಿದ ಬಾಟಲಿಯನ್ನು ತಲೆಕೆಳಗು ಮಾಡಿ ಇಟ್ಟೆ. ಲಾರಿಯಲ್ಲಿ ಬಾಟಲಿಗಳು ಮಲಗಿಕೊಂಡೇ ಹೋಗುತ್ತವಲ್ಲ. ನೆಟ್ಟಗೆ ಇಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಇಎಸ್‌ಬಿಒ ಬಂತು. ರಿಪೋರ್ಟ್ ಜೊತೆ ಬಾಯಿಮಾತಲ್ಲೂ ಹೇಳಿದೆ: ಕತ್ತಿನವರೆಗೂ ಎಣ್ಣೆ ತುಂಬಬೇಡಿ, ಬಾಕ್ಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಪಿವಿಸಿ ಇಲ್ಲದ ಸೀಲಿನ ಮುಚ್ಚಳ ಸಿಗುತ್ತದಾ ವಿಚಾರಿಸಿ. ಅದರ ಬೆಲೆ ಜಾಸ್ತಿ. ಎಣ್ಣೆಯ ಉಪ್ಪಿನಕಾಯಿಗೆ ಮಾತ್ರ ಅದನ್ನು ಹಾಕಿ, ಅಪ್ಪೆಮಿಡಿಗೆ ಹಳೇ ಮುಚ್ಚಳವೇ ಸಾಕು ಅಂದೆ.