ಝಡ್‌ಎಫ್‌ಎಸ್ ಪೂಲ್ ತೆರೆಯುತ್ತಿಲ್ಲವೇ? ಫಾರ್ಮ್ಯಾಟ್ ಮಾಡುವ ಮುನ್ನ ಓದಿ

ಹಳೆಯ ನಾಟಕದ ಫೋಟೊ, ಯಕ್ಷಗಾನದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿಟ್ಟ ಮುಂಬೈಯ ಕನ್ನಡ ಸಂಘವೊಂದನ್ನು ಊಹಿಸಿಕೊಳ್ಳಿ. ಅವೆಲ್ಲ ಇರುವುದು ಝಡ್‌ಎಫ್‌ಎಸ್ ಪೂಲ್‌ನಲ್ಲಿ: ಝಡ್‌ಎಫ್‌ಎಸ್ (ZFS) ಎಂದರೆ ಡಿಸ್ಕ್‌ಗಳಲ್ಲಿ ಫೈಲು ಇಡುವ ವ್ಯವಸ್ಥೆ, ಪೂಲ್ ಎಂದರೆ ಅದು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಮಾಡುವ ಒಂದೇ ಸಂಗ್ರಹ. ಮಳೆಗಾಲದಲ್ಲಿ ಮದರ್‌ಬೋರ್ಡ್ ಕೈಕೊಟ್ಟಿತು. ಲ್ಯಾಮಿಂಗ್ಟನ್ ರೋಡಿನಿಂದ ಸೆಕೆಂಡ್ ಹ್ಯಾಂಡ್ ಯಂತ್ರ ತಂದು ಅವೇ ಡಿಸ್ಕ್‌ಗಳನ್ನು ಜೋಡಿಸಿದರೆ, ಪೂಲ್‌ನಲ್ಲಿರುವ ಕೆಲವು ಫೀಚರುಗಳಿಗೆ ಈ ಸಿಸ್ಟಂನಲ್ಲಿ ಬೆಂಬಲವಿಲ್ಲ ಎಂಬ ಸಂದೇಶ. ಗಾಬರಿ ಬೇಡ. ಈ ಸಂದೇಶ ಡಿಸ್ಕ್ ಕೆಟ್ಟಿದೆ ಎನ್ನುತ್ತಿಲ್ಲ, ಸಾಫ್ಟ್‌ವೇರ್ ಹಳೆಯದು ಎನ್ನುತ್ತಿದೆ.

ಮೊದಲು ಪೂಲ್‌ನ ಹೆಸರು ಕೊಡದೆ ಬರೀ 'ಝಡ್‌ಪೂಲ್ ಇಂಪೋರ್ಟ್' (zpool import, ಪೂಲನ್ನು ಸಿಸ್ಟಂಗೆ ಸೇರಿಸಿಕೊಳ್ಳುವ ಆಜ್ಞೆ) ಕೊಡಿ. ಇದು ಡಿಸ್ಕ್‌ಗಳನ್ನು ನೋಡಿ ವರದಿ ಕೊಡುತ್ತದಷ್ಟೆ, ಏನನ್ನೂ ಬದಲಿಸುವುದಿಲ್ಲ. ಬೆಂಬಲವಿಲ್ಲದ ಫೀಚರುಗಳ ಹೆಸರು ಅಲ್ಲೇ ಇರುತ್ತದೆ, ಬರೆದುಕೊಳ್ಳಿ. ಝಡ್‌ಸ್ಟ್ಯಾಂಡರ್ಡ್ ಕಂಪ್ರೆಷನ್ (ಡೇಟಾ ಕುಗ್ಗಿಸಿಡುವ ವಿಧಾನ) ಬಂದದ್ದು ಝಡ್‌ಎಫ್‌ಎಸ್‌ನ ಮುಕ್ತ ತಂತ್ರಾಂಶವಾದ ಓಪನ್‌ಝಡ್‌ಎಫ್‌ಎಸ್‌ನ 2.0ರಲ್ಲಿ, ಡಿರೇಡ್ (ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಂಚಿಡುವ ವಿಧಾನ) 2.1ರಲ್ಲಿ, ಬ್ಲಾಕ್ ಕ್ಲೋನಿಂಗ್ (ಡೇಟಾ ಮತ್ತೆ ಬರೆಯದೆ ಫೈಲು ನಕಲಿಸುವುದು) 2.2ರಲ್ಲಿ. ಲಿನಕ್ಸ್ ಆಧಾರಿತ ಉಬುಂಟು 20.04ರಲ್ಲಿರುವುದು 0.8, ಈ ಮೂರೂ ಅದಕ್ಕೆ ಗೊತ್ತಿಲ್ಲ. 24.04ರಲ್ಲಿ 2.2 ಇದೆ. ಹಾಗಾಗಿ ಹೊಸ ಸಿಸ್ಟಂ ಹಾಕಿ ಇಂಪೋರ್ಟ್ ಮಾಡುವುದೇ ಸರಿಯಾದ ದಾರಿ. ಆದರೆ ಅದನ್ನು ಬೇರೆ ಡಿಸ್ಕ್‌ಗೇ ಹಾಕಿ. ಪೂಲ್‌ನ ಡಿಸ್ಕ್‌ಗಳನ್ನು ಇನ್‌ಸ್ಟಾಲರ್ ಮುಟ್ಟಬಾರದು.

ಅಷ್ಟು ಮಾಡುವ ಪುರುಸೊತ್ತಿಲ್ಲ, ನಾಳೆಯೇ ಫೋಟೊ ಬೇಕು ಎನ್ನುವವರಿಗೆ ಒಂದು ದಾರಿಯಿದೆ. ಕೆಲವು ಫೀಚರುಗಳು ಬರೆಯುವುದಕ್ಕೆ ಮಾತ್ರ ಬೇಕು. ಅಂಥವು ಮಾತ್ರ ಅಡ್ಡಿಯಾಗಿದ್ದರೆ, ರೀಡ್‌ಓನ್ಲಿಯಾಗಿ ಇಂಪೋರ್ಟ್ ಮಾಡಬಹುದು ಎಂದು ಆ ಸಂದೇಶವೇ ಹೇಳುತ್ತದೆ. ಬ್ಲಾಕ್ ಕ್ಲೋನಿಂಗ್ ಈ ಗುಂಪಿನದು. ಝಡ್‌ಸ್ಟ್ಯಾಂಡರ್ಡ್ ಹಾಗಲ್ಲ, ಅದು ಗೊತ್ತಿಲ್ಲದೆ ಓದಲೂ ಆಗದು. ರೀಡ್‌ಓನ್ಲಿ ಪೂಲ್‌ನಲ್ಲಿ ಸ್ಕ್ರಬ್ (ಡೇಟಾವನ್ನೆಲ್ಲ ಓದಿ ದೋಷ ಹುಡುಕುವುದು) ನಡೆಯದು, ಹೊಸ ಸ್ನ್ಯಾಪ್‌ಶಾಟೂ (ಆ ಕ್ಷಣದ ಸ್ಥಿತಿಯ ದಾಖಲೆ) ಆಗದು. ಫೈಲುಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಲು ತೊಂದರೆಯಿಲ್ಲ. ನಕಲು ಮುಗಿಯುವವರೆಗೆ ಬೇರಾವ ಪ್ರಯೋಗಕ್ಕೂ ಕೈಹಾಕಬೇಡಿ.

ಇಂಪೋರ್ಟ್ ಆಜ್ಞೆಗೆ 'ಎಫ್' (-f) ಹಾಕಿ ಬಲವಂತವಾಗಿ ಇಂಪೋರ್ಟ್ ಮಾಡು ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಅದು ಬೇರೆ ಸಮಸ್ಯೆಗೆ ಮದ್ದು: ಪೂಲನ್ನು ಕೊನೆಗೆ ಬಳಸಿದ್ದು ಇನ್ನೊಂದು ಯಂತ್ರ ಎಂಬ ಸಂದೇಶ ಬಂದಾಗ, ಆ ಯಂತ್ರ ನಿಜಕ್ಕೂ ಅದನ್ನು ಬಳಸುತ್ತಿಲ್ಲ ಎಂದು ಖಚಿತವಾದ ಮೇಲೆ ಮಾತ್ರ. ಎರಡು ಯಂತ್ರಗಳು ಒಮ್ಮೆಗೇ ಇಂಪೋರ್ಟ್ ಮಾಡಿದರೆ ಪೂಲ್ ಹಾಳಾಗುತ್ತದೆ. ಫೀಚರ್ ಕೊರತೆಯನ್ನಂತೂ 'ಎಫ್' ತುಂಬುವುದಿಲ್ಲ.

ಮುಂದೆ ಈ ಪಾಡು ಬೇಡವೆಂದರೆ ಪೂಲ್‌ನಲ್ಲಿ ಹೊಸ ಫೀಚರುಗಳನ್ನು ಎನೇಬಲ್ ಮಾಡುವ 'ಝಡ್‌ಪೂಲ್ ಅಪ್‌ಗ್ರೇಡ್' ಆಜ್ಞೆಯಿಂದ ದೂರವಿರಿ. ಒಮ್ಮೆ ಕೊಟ್ಟರೆ ಅದನ್ನು ಹಿಂದೆಗೆಯಲು ಆಜ್ಞೆಯಿಲ್ಲ. ಹೊಸ ಪೂಲ್ ಮಾಡುವಾಗ, 2.1ರಿಂದ ಇರುವ 'ಕಂಪ್ಯಾಟಿಬಿಲಿಟಿ' ಆಯ್ಕೆಯಲ್ಲಿ ನಿಮ್ಮ ಅತ್ಯಂತ ಹಳೆಯ ಯಂತ್ರಕ್ಕೆ ಹೊಂದುವ ಫೀಚರುಗಳನ್ನಷ್ಟೇ ಇಟ್ಟುಕೊಳ್ಳಿ. ಪೂಲ್‌ನ ಸ್ಥಿತಿ ತೋರಿಸುವ 'ಝಡ್‌ಪೂಲ್ ಸ್ಟೇಟಸ್' ಆಜ್ಞೆ ಕೆಲವು ಫೀಚರುಗಳು ಎನೇಬಲ್ ಆಗಿಲ್ಲ ಎಂದರೆ ಅದು ದೋಷವಲ್ಲ, ಹಾಗೇ ಬಿಡಬಹುದು.