ಯೂನಿಯನ್ನೇ ಕೈಬಿಟ್ಟರೆ? ಅಮೆರಿಕದಲ್ಲಿ ದೂರು ಕೊಡುವ ದಾರಿ

ನ್ಯೂಜೆರ್ಸಿಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿರುವ ನನ್ನ ಗೆಳತಿಗೆ ಮೂರು ದಿನ ಸಸ್ಪೆನ್ಷನ್ ಆಯಿತು. ಗ್ರೀವೆನ್ಸ್, ಅಂದರೆ ಕಂಪನಿಗೆ ಯೂನಿಯನ್ ಮೂಲಕ ಕೊಡುವ ಲಿಖಿತ ತಕರಾರು, ಹಾಕಿ ಎಂದು ಕೆಲಸದ ಜಾಗದಲ್ಲಿ ಯೂನಿಯನ್ನಿನ ಪ್ರತಿನಿಧಿಯಾದ ಸ್ಟೂವರ್ಡ್‌ನನ್ನು ಕೇಳಿದಳು. "ಹಾಕಿದ್ದೇನೆ, ಕಾಯಿರಿ" ಎಂದು ಮೆಸೇಜ್ ಬಂತು. ಫೆಬ್ರವರಿಯಲ್ಲಿ ಎಚ್‌ಆರ್‌ನವರನ್ನು ವಿಚಾರಿಸಿದರೆ, ಅವರಿಗೆ ಅಂಥ ಕಾಗದವೇ ಬಂದಿರಲಿಲ್ಲ. ಯೂನಿಯನ್ ಮೇಲೂ ದೂರು ಕೊಡಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೆ ಹೇಳಿದ್ದು ಅಕ್ಟೋಬರಿನಲ್ಲಿ. ಅಷ್ಟೊತ್ತಿಗೆ ಗಡುವು ಮುಗಿದಿತ್ತು.

ಗಡುವು ಆರೇ ತಿಂಗಳು. ಅನ್ಯಾಯ ನಿಮಗೆ ಗೊತ್ತಾದ, ಇಲ್ಲವೇ ಗೊತ್ತಾಗಬೇಕಿದ್ದ ದಿನದಿಂದ ಲೆಕ್ಕ. ಅಷ್ಟರೊಳಗೆ ದೂರು ಸಲ್ಲಿಸಬೇಕು, ಅದರ ಪ್ರತಿ ಯೂನಿಯನ್ನಿಗೂ ಹೋಗಿರಬೇಕು. "ನೋಡೋಣ, ಮಾಡೋಣ" ಅನ್ನುವ ಮಾತು ನಂಬಿ ಸುಮ್ನೆ ಕೂರಬೇಡಿ.

1935ರ ಕಾರ್ಮಿಕ ಸಂಬಂಧ ಕಾಯ್ದೆ ಕಂಪನಿಗಳ ಕೈ ಕಟ್ಟಿತು. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಯೂನಿಯನ್‌ಗಳಿಗೂ ಲಗಾಮು ಹಾಕಿತು. ದೂರು ಕೇಳುವುದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ, ಅಂದರೆ ಎನ್‌ಎಲ್‌ಆರ್‌ಬಿ. ನೀವು ಎಚ್‌-1ಬಿ ವೀಸಾದಲ್ಲಿದ್ದರೂ, ಯೂನಿಯನ್ ಮೆಂಬರ್ ಅಲ್ಲದಿದ್ದರೂ ದೂರು ಕೊಡಬಹುದು. ಸರ್ಕಾರಿ ನೌಕರರು, ಹೊಲದ ಕೆಲಸದವರು, ಮನೆಗೆಲಸದವರು, ಸೂಪರ್‌ವೈಸರ್‌ಗಳು ಇದರಲ್ಲಿ ಬರುವುದಿಲ್ಲ. ರೈಲು ಮತ್ತು ವಿಮಾನ ಕಂಪನಿಯವರಿಗೆ ಬೇರೆ ಕಾಯ್ದೆ ಇದೆ.

ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಯೂನಿಯನ್ ನಿಮ್ಮ ಪರ ಸೋತಿತು ಅನ್ನುವುದು ದೂರಲ್ಲ. ಪ್ರತಿ ಗ್ರೀವೆನ್ಸನ್ನೂ ಆರ್ಬಿಟ್ರೇಷನ್, ಅಂದರೆ ಮಧ್ಯಸ್ಥರ ತೀರ್ಪಿನವರೆಗೆ ಒಯ್ಯಬೇಕೆಂಬ ನಿಯಮವೂ ಇಲ್ಲ. ಮರೆವು, ಸಣ್ಣ ಅಜಾಗರೂಕತೆ ಕೂಡ ಸಾಮಾನ್ಯವಾಗಿ ಸಾಲದು. ಮನಸ್ಸಿಗೆ ಬಂದ ಹಾಗೆ ಮಾಡಿದರು, ನಿಮ್ಮ ಜನಾಂಗ ನೋಡಿ ಅಥವಾ ನಾಯಕರನ್ನು ಟೀಕಿಸಿದ್ದಕ್ಕೆ ತಾರತಮ್ಯ ಮಾಡಿದರು, ಬೇಕಂತಲೇ ಸುಳ್ಳು ಹೇಳಿ ದಿನ ತಳ್ಳಿದರು ಎಂದು ತೋರಿಸಬೇಕು. ಗೆಳತಿಯ ಫೋನಿನಲ್ಲಿದ್ದ ಆ "ಹಾಕಿದ್ದೇನೆ" ಮೆಸೇಜಿಗೆ ಬೆಲೆ ಇದ್ದದ್ದು ಅದಕ್ಕೇ.

ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮಂಡಳಿಯ ಹತ್ತಿರದ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿ ಇನ್‌ಫರ್ಮೇಷನ್ ಆಫೀಸರ್ ಬೇಕೆಂದು ಕೇಳಿ. ಯೂನಿಯನ್ ಮೇಲಿನ ದೂರಿಗೆ 508ನೇ ನಂಬರಿನ ಫಾರ್ಮ್. 501 ಕಂಪನಿ ಮೇಲಿನದು, ಅದಲುಬದಲು ಮಾಡಬೇಡಿ. ಏನಾಯಿತು ಎಂಬುದನ್ನು ಎರಡು-ಮೂರು ಸಾಲಿನಲ್ಲಿ ತಾರೀಖಿನ ಸಮೇತ ಬರೆದರೆ ಸಾಕು. ನಿಮ್ಮ ಹೆಸರು ಯೂನಿಯನ್ನಿಗೆ ತಿಳಿಯುತ್ತದೆ. ಆದರೆ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವುದೂ ಕಾನೂನಿಗೆ ವಿರುದ್ಧ.

ಆಮೇಲೆ ಬೋರ್ಡ್ ಏಜೆಂಟ್, ಅಂದರೆ ಮಂಡಳಿಯ ತನಿಖೆಗಾರರು, ನಿಮ್ಮ ಹೇಳಿಕೆಯನ್ನು ಪ್ರಮಾಣ ಮಾಡಿಸಿ ಬರೆದುಕೊಳ್ಳುತ್ತಾರೆ. ಮೆಸೇಜು, ಇಮೇಲು, ಯೂನಿಯನ್-ಕಂಪನಿ ಒಪ್ಪಂದದ ಪುಸ್ತಕ, ಸಾಕ್ಷಿಗಳ ಹೆಸರು ಎಲ್ಲ ಒಂದೇ ಫೈಲಿನಲ್ಲಿಟ್ಟುಕೊಂಡು ಹೋಗಿ. ದೂರಿನಲ್ಲಿ ಹುರುಳಿದೆಯೇ ಎಂಬ ತೀರ್ಮಾನಕ್ಕೆ 7ರಿಂದ 14 ವಾರ ಅನ್ನುವುದು ಮಂಡಳಿಯದೇ ಲೆಕ್ಕ, ಜಾಸ್ತಿಯೂ ಆಗಬಹುದು. ಹುರುಳಿದೆ ಅನ್ನಿಸಿದರೆ ಮೊದಲು ರಾಜಿಗೆ ನೋಡುತ್ತಾರೆ. ಆಗದಿದ್ದರೆ ಮಂಡಳಿಯ ವಕೀಲರೇ ಕೇಸ್ ನಡೆಸುತ್ತಾರೆ. ತಳ್ಳಿಹಾಕಿದರೆ ವಾಷಿಂಗ್ಟನ್ನಿನಲ್ಲಿರುವ ಮಂಡಳಿಯ ಮುಖ್ಯ ಕಾನೂನು ಅಧಿಕಾರಿ, ಅಂದರೆ ಜನರಲ್ ಕೌನ್ಸೆಲ್‌ಗೆ ಮೇಲ್ಮನವಿ ಹಾಕಬಹುದು. ಅದಕ್ಕಿರುವುದು 14 ದಿನ ಮಾತ್ರ, ಹಾಗಾಗಿ ಪತ್ರ ಬಂದ ದಿನವೇ ಒಡೆದು ಓದಿ.