ಸಂಗೀತ ಕೇಳಿಸಿತು, ಮಾತು ಕೇಳಿಸಲಿಲ್ಲ

ನಿವೃತ್ತರಾಗುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆ ಪವರ್‌ಪಾಯಿಂಟ್‌ನಲ್ಲಿ ಒಂದು ಸ್ಲೈಡ್ ಪ್ರದರ್ಶನ ಸಿದ್ಧಪಡಿಸಿದ್ದೆ. ಹಳೆಯ ಫೋಟೋಗಳು, ಹಿನ್ನೆಲೆಯಲ್ಲಿ ಮೆಲುವಾದ ಸಂಗೀತ, ಅದರ ಮೇಲೆ ಅವರ ಜೊತೆ ದುಡಿದವರ ನೆನಪಿನ ಮಾತುಗಳು. ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸಲ ಕೇಳಿ ನೋಡಿದ್ದೆ. ಸಭಾಂಗಣದಲ್ಲಿ ಶುರು ಮಾಡಿದಾಗ ಸಂಗೀತವೇನೋ ಬಂತು, ಮಾತು ಮಾತ್ರ ಇಲ್ಲ! ವಾಲ್ಯೂಮ್ ಏರಿಸಿದರೆ ಸಂಗೀತ ಇನ್ನಷ್ಟು ಜೋರಾಯಿತೇ ಹೊರತು ಮಾತು ಹೊರಗೆ ಬರಲಿಲ್ಲ. ಕೇಬಲ್ ಕಿತ್ತು ಹೆಡ್‌ಫೋನ್ ಹಾಕಿಕೊಂಡರೆ ಎಲ್ಲವೂ ಸರಿಯಾಗಿದೆ. ಬೇರೆ ದಾರಿ ಕಾಣದೆ ಲ್ಯಾಪ್‌ಟಾಪಿನ ಸ್ಪೀಕರ್ ಬಳಿ ಮೈಕ್ ಹಿಡಿದು ಕಾರ್ಯಕ್ರಮ ಮುಗಿಸಿದೆ.

ಕಾರಣ ತಿಳಿದದ್ದು ಆಮೇಲೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕ್ ಎಡಬದಿಯ ಸದ್ದನ್ನು ಒಂದು ತಂತಿಯಲ್ಲೂ ಬಲಬದಿಯದನ್ನು ಇನ್ನೊಂದರಲ್ಲೂ ಕಳುಹಿಸುತ್ತದೆ. ನಾನು ಚುಚ್ಚಿದ್ದು ಮಿಕ್ಸರ್‌ನ, ಅಂದರೆ ಸಭಾಂಗಣದ ಸದ್ದುಗಳನ್ನು ಬೆರೆಸಿ ಸ್ಪೀಕರ್‌ಗಳಿಗೆ ಕಳುಹಿಸುವ ಸಾಧನದ, ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ. ಅದಕ್ಕೆ ಎಡ, ಬಲ ಎಂಬ ಭೇದವಿಲ್ಲ. ಎರಡು ತಂತಿಗಳಲ್ಲಿ ಬರುವುದು ಒಂದೇ ಸದ್ದು, ಒಂದು ನೇರ, ಇನ್ನೊಂದು ತಿರುಗುಮುರುಗು ಎಂಬ ಲೆಕ್ಕದಲ್ಲಿ ಅದು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಸಮನಾಗಿರುವುದರಿಂದ ಅಳಿಸಿಹೋಗುತ್ತದೆ. ಆದರೆ ನನ್ನ ಕಡತದಲ್ಲಿ ಎರಡೂ ಬದಿಯಲ್ಲಿ ಸಮನಾಗಿದ್ದದ್ದು ಮಾತು! ಸಂಗೀತದ ವಾದ್ಯಗಳು ಎಡಬಲಕ್ಕೆ ಬೇರೆಬೇರೆಯಾಗಿ ಹಂಚಿಹೋಗಿದ್ದರಿಂದ ಉಳಿದುಕೊಂಡವು. ಜನರ ಮಾತು ಗದ್ದಲದ ಪಾಲಿಗೆ ಸೇರಿತು.

ಇದಕ್ಕೆ ಆ ಕ್ಷಣದ ಪರಿಹಾರವೂ ಇತ್ತು. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಬಲಬದಿಯ ಮಟ್ಟವನ್ನು ಸೊನ್ನೆಗೆ ಇಳಿಸಿದ್ದರೆ ಕಳೆಯಲು ಏನೂ ಇರುತ್ತಿರಲಿಲ್ಲ, ಎಡಬದಿಯ ಮಾತು ಪೂರ್ತಿ ಕೇಳಿಸುತ್ತಿತ್ತು. ಮೋನೋ ಆಯ್ಕೆಯನ್ನು ಮಾತ್ರ ಒತ್ತಬಾರದು: ಎರಡೂ ಬದಿ ಒಂದೇ ಆಗಿ ಸಂಗೀತವೂ ಮಾಯವಾಗುತ್ತದೆ. ಈಗ ನನ್ನ ಚೀಲದಲ್ಲಿ ಒಂದು ತುದಿಗೆ 3.5 ಮಿ.ಮೀ. ಪ್ಲಗ್, ಇನ್ನೊಂದು ತುದಿಗೆ ಬೇರೆಬೇರೆಯಾದ ಎರಡು 6.35 ಮಿ.ಮೀ. ಮೋನೋ ಪ್ಲಗ್‌ಗಳಿರುವ ಕೇಬಲ್ ಸದಾ ಇರುತ್ತದೆ. ಮಿಕ್ಸರ್‌ನ ಎರಡು ಚಾನೆಲ್‌ಗಳಿಗೆ ಒಂದೊಂದನ್ನು ಹಾಕುತ್ತೇನೆ.

ಅಂದಿನಿಂದ ಸದ್ದು ಕೈಕೊಟ್ಟಾಗ ಮೊದಲು ಹೆಡ್‌ಫೋನ್ ಚುಚ್ಚಿ ಕೇಳುತ್ತೇನೆ. ಅಲ್ಲಿ ಸದ್ದು ಬಂದರೆ ತೊಂದರೆ ಲ್ಯಾಪ್‌ಟಾಪಿನಿಂದ ಆಚೆಗೆ, ಇಲ್ಲವಾದರೆ ಒಳಗೆ. ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಆಚೆಗಿನ ತೊಂದರೆಗಳಲ್ಲಿ ನನಗೆ ಹೆಚ್ಚು ಎದುರಾಗಿರುವುದು ಎಚ್‌ಡಿಎಂಐ ಕೇಬಲ್‌ನದು. ಅದನ್ನು ಹಾಕಿದ ಕೂಡಲೇ ಕಂಪ್ಯೂಟರ್ ಸದ್ದನ್ನೂ ಪ್ರೊಜೆಕ್ಟರ್‌ಗೆ ಕಳುಹಿಸಿಬಿಡಬಹುದು. ಪ್ರೊಜೆಕ್ಟರ್‌ನಲ್ಲಿ ಸ್ಪೀಕರ್ ಇಲ್ಲದಿದ್ದರೆ ಸಭೆ ನಿಶ್ಶಬ್ದ. ಟಾಸ್ಕ್‌ಬಾರ್‌ನ ಸ್ಪೀಕರ್ ಚಿಹ್ನೆಯಿಂದ ಬೇಕಾದ ಸಾಧನವನ್ನು ಆರಿಸಬೇಕು. ಹಾಗೆ ಬದಲಿಸಿದ ಮೇಲೂ ಸದ್ದು ಬರದಿದ್ದರೆ ಪವರ್‌ಪಾಯಿಂಟನ್ನು ಮುಚ್ಚಿ ತೆರೆಯುತ್ತೇನೆ. ಹಳೆಯ ವಿಜಿಎ ಕೇಬಲ್ ಚಿತ್ರವನ್ನಷ್ಟೇ ಒಯ್ಯುತ್ತದೆ, ಅದರಲ್ಲಿ ಸದ್ದನ್ನು ಹುಡುಕುವುದೇ ವ್ಯರ್ಥ. ಚಾರ್ಜರ್ ಹಾಕಿದಾಗ ಗುಂಯ್ ಎಂದು ಕೊರೆಯುವ ಸದ್ದು ಬಂದರೆ ಒಮ್ಮೆ ಕಿತ್ತು ನೋಡಿ. ನಿಂತರೆ ಅದು ಅರ್ತಿಂಗ್‌ಗೆ ಸಂಬಂಧಿಸಿದ್ದು. ಬ್ಯಾಟರಿಯಲ್ಲಿ ನಡೆಸಬಹುದು, ಇಲ್ಲವೇ ಆಡಿಯೋ ಕೇಬಲ್‌ನ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಕಡೆಯ ತಂತಿಗಳ ನೇರ ಸಂಪರ್ಕ ತಪ್ಪಿಸಿ ಸದ್ದನ್ನಷ್ಟೇ ದಾಟಿಸುವ ಸಾಧನ) ಹಾಕಬೇಕು.

ಒಳಗಿನದಕ್ಕೆ ಬಂದರೆ, ಇನ್ನೊಬ್ಬರು ಕಳುಹಿಸಿದ ಕಡತ ಎಂದಾಗ ನನ್ನ ಅನುಮಾನ ಮೊದಲು ಲಿಂಕ್ ಮೇಲೆ ಹೋಗುತ್ತದೆ. 2007ರವರೆಗಿನ ಪವರ್‌ಪಾಯಿಂಟ್‌ನಲ್ಲಿ ಎಂಪಿ3 ಹಾಡು ಸ್ಲೈಡಿನೊಳಗೆ ಸೇರುತ್ತಲೇ ಇರಲಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಉಳಿಯುತ್ತಿತ್ತು. ಕಡತವನ್ನು ಬೇರೆ ಕಂಪ್ಯೂಟರ್‌ಗೆ ಒಯ್ದರೆ ಚಿಹ್ನೆ ಕಾಣುತ್ತದೆ, ಸದ್ದಿಲ್ಲ. 2010ರ ಆವೃತ್ತಿಯಿಂದ ಸದ್ದು ಒಳಗೇ ಸೇರುತ್ತದೆ. ಆದರೂ ಹಳೆಯ ಕಡತವನ್ನೇ ತಿದ್ದಿ ತಿದ್ದಿ ಬಳಸುವವರು ಬಹಳ. ಪರೀಕ್ಷಿಸಲು ನಾನು ಕಡತದ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ‘ಪಿಪಿಟಿಎಕ್ಸ್’ ಅನ್ನು ‘ಜಿಪ್’ ಎಂದು ಬದಲಿಸಿ ತೆರೆಯುತ್ತೇನೆ. ಒಳಗೆ ‘ಪಿಪಿಟಿ’ ಫೋಲ್ಡರ್‌ನಲ್ಲಿ ‘ಮೀಡಿಯಾ’ ಎಂಬ ಫೋಲ್ಡರ್ ಇರುತ್ತದೆ. ಆಡಿಯೋ ಅಲ್ಲಿಲ್ಲವೆಂದರೆ ಅದು ಕಳುಹಿಸಿದವರ ಬಳಿಯೇ ಉಳಿದಿದೆ. ಆಗ ಕಡತವನ್ನು ಕಳುಹಿಸಿದವರಿಗೆ ಕರೆ ಮಾಡುವುದೇ ದಾರಿ.

ಮುಂದಿನ ಸ್ಲೈಡಿಗೆ ಹೋದ ಕೂಡಲೇ ಸಂಗೀತ ನಿಲ್ಲುತ್ತದೆ ಎಂಬ ದೂರು ದೋಷವೇ ಅಲ್ಲ. ಪ್ಲೇಬ್ಯಾಕ್‌ನಲ್ಲಿ ‘ಪ್ಲೇ ಅಕ್ರಾಸ್ ಸ್ಲೈಡ್ಸ್’ ಆರಿಸಿದರೆ ಸಾಕು. ಆನ್‌ಲೈನ್ ಸಭೆಯಲ್ಲಿ ಪರದೆ ಹಂಚುವಾಗ ಕಂಪ್ಯೂಟರಿನ ಸದ್ದನ್ನೂ ಹಂಚುವ ಆಯ್ಕೆ ಗುರುತಿಸಬೇಕು.

ನನ್ನನ್ನು ಬಹಳ ದಿನ ಕಾಡಿದ್ದು ತುಂಡಾಗುವ ಮಾತು. ಪವರ್‌ಪಾಯಿಂಟ್‌ನಲ್ಲೇ ನಿರೂಪಣೆ ರೆಕಾರ್ಡ್ ಮಾಡುವಾಗ, ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವ ನಡುವಿನ ಕ್ಷಣದಲ್ಲಿ ಆಡಿದ್ದು ದಾಖಲಾಗುವುದಿಲ್ಲ. ಈಗ ವಾಕ್ಯ ಮುಗಿಸಿ ಉಸಿರು ತೆಗೆದುಕೊಂಡು ಸ್ಲೈಡ್ ಬದಲಿಸುತ್ತೇನೆ. ಹೊಸದು ಪೂರ್ತಿ ಕಾಣುವವರೆಗೆ ಬಾಯಿ ತೆರೆಯುವುದಿಲ್ಲ. ಸಭಾಂಗಣದಲ್ಲಿ ಮೊದಲ ಅಕ್ಷರವೇ ನುಂಗಿಹೋದರೆ ಕಾರಣ ಬೇರೆ: ನಿದ್ದೆಗೆ ಜಾರಿದ್ದ ಬ್ಲೂಟೂತ್ ಅಥವಾ ಎಚ್‌ಡಿಎಂಐ ಸಾಧನ ಎಚ್ಚರಗೊಳ್ಳಲು ಕ್ಷಣ ಹಿಡಿಯುತ್ತದೆ. ಅದಕ್ಕೆಂದೇ ಪ್ರತಿ ಆಡಿಯೋದ ತಲೆಗೆ ಒಂದೆರಡು ಸೆಕೆಂಡಿನ ಮೌನ ಸೇರಿಸಿರುತ್ತೇನೆ. ಸ್ಥಳಕ್ಕೆ ಹೋದ ಮೇಲೆ ಪರೀಕ್ಷೆಗೆ ಸಂಗೀತದ ಸ್ಲೈಡ್ ಬಳಸುವುದಿಲ್ಲ. ಮಾತಿರುವ ಸ್ಲೈಡನ್ನೇ ಹಚ್ಚಿ, ಕೊನೆಯ ಸಾಲಿನ ಕುರ್ಚಿಯವರೆಗೆ ನಡೆದು, ಅಲ್ಲಿ ನಿಂತು ಕೇಳುತ್ತೇನೆ.